ಕೆಂಪು ಧೂಳು ಹತ್ತದ ಪಟ್ಟಿಗಳು: ಹುಬ್ಬಳ್ಳಿಯ ಒಂದು ತಾಡಪತ್ರಿ ಅಂಗಡಿಯ ಬಗ್ಗೆ

1,150 ರೂಪಾಯಿ ಕೊಟ್ಟು ನನ್ನ ಮೈಮೇಲಿನಿಂದ ಎರಡು ಕೆ.ಜಿ. ಭಾರ ಇಳಿಸಿಕೊಂಡು ಬಂದಿದ್ದೇನೆ. ಸರಿಯಾಗಿ ಹೇಳಬೇಕೆಂದರೆ 1,990 ಗ್ರಾಂ, ನಾನು ಗುಡ್ಡಕ್ಕೆ ಹೊತ್ತೊಯ್ಯುವ ಬೆನ್ನುಚೀಲ, ಎದೆಗೆ ಕಟ್ಟುವ ಪೌಚುಗಳ ಕವಚ, ಸೊಂಟಪಟ್ಟಿ ಮೂರರಿಂದ. ಕೆಲಸ ಮಾಡಿಕೊಟ್ಟವರು ಹುಬ್ಬಳ್ಳಿಯಲ್ಲಿ ತಾಡಪತ್ರಿ ಹೊಲಿಯುವ ಒಬ್ಬ ಹಿರಿಯರು. ದುರ್ಗದಬೈಲಿನ ಗದ್ದಲ ದಾಟಿ ಒಳಗಿನ ಓಣಿಗೆ ತಿರುಗಿದರೆ ಎಡಗಡೆ ಲಾರಿ ತಾಡಪತ್ರಿಗಳನ್ನು ಮಡಚಿ ಪೇರಿಸಿಟ್ಟ ಕಟ್ಟೆಯೊಂದು ಕಾಣುತ್ತದೆ. ಅಂಗಡಿ ಅದೇ. ಹೆಸರು ಬರೆಯಬೇಡಿ, ಈಗ ಬರುವ ಕೆಲಸವೇ ಕೈಗೆ ಮೀರಿದೆ ಎಂದು ಅವರು ಕೇಳಿಕೊಂಡಿದ್ದರಿಂದ ಬರೆಯುತ್ತಿಲ್ಲ. ಫಲಕದ ಮೇಲೂ ಅವರ ಹೆಸರಿಲ್ಲ, ‘ತಾಡಪತ್ರಿ, ಬ್ಯಾಗ್ ರಿಪೇರಿ’ ಎಂದಷ್ಟೇ ಇದೆ.

ನಾನು ಹದಿನೇಳು ವರ್ಷ ಪದಾತಿ ದಳದಲ್ಲಿದ್ದವನು. ಮರಾಠಾ ಲೈಟ್ ಇನ್‌ಫೆಂಟ್ರಿ, ತರಬೇತಿ ಬೆಳಗಾವಿಯಲ್ಲಿ. ನಿವೃತ್ತನಾಗಿ ಡಂಬಳದ ಹತ್ತಿರದ ನಮ್ಮೂರಿಗೆ ಬಂದ ಮೇಲೆ ಬೇಸಿಗೆ ಬಂತೆಂದರೆ ಕಪ್ಪತಗುಡ್ಡಕ್ಕೆ ಹೋಗುತ್ತೇನೆ. ಅರಣ್ಯ ಇಲಾಖೆ ಆ ತಿಂಗಳುಗಳಿಗೆಂದು ನೇಮಿಸಿಕೊಳ್ಳುವ ಬೆಂಕಿ ಕಾವಲುಗಾರರ ಜೊತೆ ಗುಡ್ಡ ಸುತ್ತುತ್ತೇನೆ, ಸಂಬಳಕ್ಕಲ್ಲ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಿದ ಈ ಗುಡ್ಡಸಾಲು 244 ಚದರ ಕಿಲೋಮೀಟರಿನಷ್ಟು ಹರಡಿದೆ. ಕತ್ತೆಕಿರುಬ, ತೋಳ, ಕೊಂಡುಕುರಿ ಇಲ್ಲಿವೆ. ಬೇರೆಲ್ಲೂ ಸುಲಭವಾಗಿ ಸಿಗದ ಔಷಧಿ ಗಿಡಗಳಿವೆ. ಜನವರಿ ಕಳೆಯುತ್ತಲೇ ಬಾದೆ ಹುಲ್ಲು ಒಣಗಿ ಎದೆಯೆತ್ತರ ನಿಂತಿರುತ್ತದೆ. ಯಾರೋ ಎಸೆದ ಒಂದು ಬೀಡಿ ತುಂಡು ಸಾಕು.

ಕಳೆದ ವರ್ಷ ಫೆಬ್ರುವರಿಯ ಒಂದು ಮಧ್ಯಾಹ್ನ ಡೋಣಿ ಕಡೆಯ ಇಳಿಜಾರಿನಲ್ಲಿ ಹೊಗೆ ಕಂಡಿತು. ಎಂಟು ಜನ ಓಡಿದೆವು. ನಡುದಾರಿಯಲ್ಲಿ ನಾನು ಹಿಂದೆ ಬಿದ್ದೆ. ಎದೆಯ ಮೇಲಿನ ಚೀಲಗಳಿಂದಾಗಿ ನನ್ನ ಪಾದವೇ ನನಗೆ ಕಾಣುತ್ತಿರಲಿಲ್ಲ. ಕಾರೆ ಮುಳ್ಳಿಗೆ ಬೆನ್ನುಚೀಲದ ಪಟ್ಟಿ ಸಿಕ್ಕಿ ಎರಡು ಸಲ ನಿಲ್ಲಬೇಕಾಯಿತು. ಬೆಂಕಿ ಬಡಿಯುವ ಸೊಪ್ಪು ಕೈಗೆತ್ತಿಕೊಳ್ಳುವ ಹೊತ್ತಿಗೆ ಉಳಿದವರಿಗಿಂತ ಹನ್ನೆರಡು ನಿಮಿಷ ತಡವಾಗಿತ್ತು. ಆ ಹನ್ನೆರಡು ನಿಮಿಷಗಳಲ್ಲಿ ಬೆಂಕಿ ಒಂದು ಕೊರಕಲನ್ನು ದಾಟಿ ಆಚೆಯ ದಿಣ್ಣೆಗೆ ಹತ್ತಿತ್ತು. ನಾನು ಮೊದಲೇ ತಲುಪಿದ್ದರೆ ಅದು ನಿಲ್ಲುತ್ತಿತ್ತು ಎಂದು ಯಾರೂ ಹೇಳಲಿಲ್ಲ. ಆದರೆ ಆ ಕೊರಕಲಿನ ಬಾಯಿಗೆ ಒಬ್ಬ ಮನುಷ್ಯ ಬೇಕಾಗಿತ್ತು ಎಂಬುದು ನನಗೆ ಗೊತ್ತಿದೆ.

ಮರುದಿನ ನಮ್ಮೂರ ಕಿರಾಣಿ ಅಂಗಡಿಗೆ ಹೋಗಿ, ಹೊತ್ತಿದ್ದನ್ನೆಲ್ಲ ಒಂದೊಂದಾಗಿ ತಕ್ಕಡಿಗೆ ಹಾಕಿದೆ. ಒಟ್ಟು 14.95 ಕೆ.ಜಿ. ಅದರಲ್ಲಿ 4.15 ಕೆ.ಜಿ. ಬರೀ ಖಾಲಿ ಸಲಕರಣೆಯ ತೂಕ: 45 ಲೀಟರಿನ ಬೆನ್ನುಚೀಲ 2,150 ಗ್ರಾಂ, ಏಳು ಪೌಚುಗಳ ಎದೆಕವಚ 1,300 ಗ್ರಾಂ, ಎರಡು ಪದರದ ಸೊಂಟಪಟ್ಟಿ 700 ಗ್ರಾಂ. ಒಳಗೆ ಏನೂ ಇಡದೆ ನಾಲ್ಕು ಕಿಲೋ ದಾಟಿತ್ತು!

ದೇಹದ ತೂಕದ ಮೂರನೇ ಒಂದು ಭಾಗದಷ್ಟು ಹೊತ್ತು ಸೈನಿಕ ನಡೆಯಬಲ್ಲ ಎಂಬ ಹಳೆಯ ಲೆಕ್ಕವೊಂದಿದೆ. ನನ್ನ ತೂಕ 66 ಕೆ.ಜಿ. ಆ ಲೆಕ್ಕದಲ್ಲಿ 22 ಕೆ.ಜಿ.ವರೆಗೆ ಹೊರಬಹುದು, ನಾನು ಹದಿನೈದನ್ನೂ ಮುಟ್ಟಿರಲಿಲ್ಲ. ಆದರೆ ಅದು ದಾರಿಯಲ್ಲಿ ಸಾಲಾಗಿ ನಡೆಯುವ ಲೆಕ್ಕ. ಗುಡ್ಡದ ಏರಿನಲ್ಲಿ, ಹೊಗೆಯಲ್ಲಿ, ಓಡಿಹೋಗಿ ಅಲ್ಲಿಂದ ಕೆಲಸ ಶುರುಮಾಡಬೇಕಾದವನ ಲೆಕ್ಕ ಬೇರೆ. ಸೇನೆಯಲ್ಲಿ ಇದಕ್ಕೇ ಎರಡು ಹೊರೆ: ದೂರ ನಡೆಯುವಾಗ ದೊಡ್ಡ ಪಿಟ್ಠು (ಬೆನ್ನುಚೀಲ), ಕಾದಾಟಕ್ಕೆ ಇಳಿಯುವಾಗ ಅದನ್ನು ಕಳಚಿಟ್ಟು ಸಣ್ಣದು. ಏನು ಹೊರಬೇಕೆಂದು ಯಾದಿ ಹೇಳುತ್ತಿತ್ತು, ಅದನ್ನು ಮೀರುವಂತಿರಲಿಲ್ಲ. ನಿವೃತ್ತಿಯ ನಂತರ ಯಾದಿ ಬರೆಯುವವನು ನಾನೇ ಆದೆ. ಬೇಡ ಎನ್ನುವವರು ಯಾರೂ ಇರಲಿಲ್ಲ, ಒಂದೊಂದೇ ವಸ್ತು ಸೇರುತ್ತ ಹೋಯಿತು.

ಇದರಲ್ಲಿ ಸಲಕರಣೆಯ ರಚನೆಯ ಪಾಲೂ ಇದೆ. ಈಗ ‘ಟ್ಯಾಕ್ಟಿಕಲ್’ ಎಂಬ ಹೆಸರಿನಲ್ಲಿ ಮಾರುವ ಚೀಲಗಳ ಮೈತುಂಬ ಅಡ್ಡಪಟ್ಟಿಗಳಿರುತ್ತವೆ. ಅಮೆರಿಕದ ಸೇನೆ 1990ರ ದಶಕದ ಕೊನೆಯಲ್ಲಿ ತಂದ ‘ಮೋಲಿ’ ಪದ್ಧತಿ ಅದು. ಒಂದು ಇಂಚು ಅಗಲದ ಪಟ್ಟಿ, ಒಂದು ಇಂಚು ಅಂತರ, ಒಂದೂವರೆ ಇಂಚಿಗೊಂದು ಗಟ್ಟಿ ಹೊಲಿಗೆ. ಯಾವ ಪೌಚನ್ನು ಎಲ್ಲಿ ಬೇಕಾದರೂ ಸಿಕ್ಕಿಸಬಹುದು. ಒಂದೇ ಚೀಲ ನೂರು ಬಗೆಯ ಕೆಲಸಕ್ಕೆ ಹೋಗುವ ಸೇನೆಗೆ ಅದು ಬಹಳ ಒಳ್ಳೆಯ ಏರ್ಪಾಡು. ಒಂದೇ ಕೆಲಸಕ್ಕೆ ಹೋಗುವ ಒಬ್ಬ ಮನುಷ್ಯನಿಗೆ ಅದು ಖಾಲಿ ಗೂಟಗಳ ಗೋಡೆ ಇದ್ದ ಹಾಗೆ. ಗೂಟ ಕಂಡರೆ ಏನಾದರೂ ತೂಗುಹಾಕಬೇಕೆನಿಸುತ್ತದೆ.

ಹುಬ್ಬಳ್ಳಿಗೆ ಹೋಗುವ ಮೊದಲು ಗದಗಿನಲ್ಲಿ ಇಬ್ಬರ ಬಳಿ ಕೇಳಿದ್ದೆ. ಒಬ್ಬರು ಹೊಸದನ್ನೇ ಕೊಳ್ಳಿ ಎಂದರು. ಇನ್ನೊಬ್ಬರು ಇನ್ನೂ ಎರಡು ಪಟ್ಟಿ ಹೊಲಿದರೆ ಭಾರ ಸರಿಯಾಗಿ ಕೂರುತ್ತದೆ ಎಂದರು. ಕಳಚುವ ಮಾತನ್ನು ಯಾರೂ ಆಡಲಿಲ್ಲ. ನಮ್ಮೂರಿನ ಲಾರಿ ಚಾಲಕರೊಬ್ಬರು ಈ ತಾಡಪತ್ರಿಯವರ ಗುರುತು ಹೇಳಿದರು.

ಹಿರಿಯರು ನನ್ನ ಚೀಲವನ್ನು ತೆಗೆದುಕೊಂಡವರೇ ಒಳಗೆ ಏನಿದೆ, ಏನು ಬೇಕು ಎಂದು ಕೇಳಲಿಲ್ಲ. ಬಾಗಿಲ ಬೆಳಕಿಗೆ ಹಿಡಿದು, ಮಗ್ಗುಲು ಮಗ್ಗುಲು ತಿರುಗಿಸಿ ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಪಟ್ಟಿಗಳ ಮೇಲೆ ಒಂದೊಂದಾಗಿ ಉಜ್ಜುತ್ತ ಹೋದರು. ಕಪ್ಪತಗುಡ್ಡದ ಮಣ್ಣಿನಲ್ಲಿ ಕಬ್ಬಿಣದ ಅಂಶವಿದೆ, ಅದರ ಕೆಂಪು ಒಮ್ಮೆ ಹತ್ತಿದರೆ ತೊಳೆದರೂ ಹೋಗುವುದಿಲ್ಲ. ಮೇಲಿನ ಎರಡು ಸಾಲು ಪಟ್ಟಿಗಳ ಅಂಚು ಕೆಂಪಾಗಿ, ನೂಲು ಸ್ವಲ್ಪ ಎದ್ದಿತ್ತು. ಬಲಗಡೆಯ ಒಂದು ಸಾಲೂ ಹಾಗೇ. ಉಳಿದ ಏಳು ಸಾಲುಗಳ ಒಳಮೈ ಅಂಗಡಿಯಿಂದ ಬಂದ ದಿನದ ಹಾಗೆ ಕಪ್ಪಾಗಿ ಹೊಳೆಯುತ್ತಿತ್ತು.

“ಕೈ ಹೋದಲ್ಲಿ ಮಣ್ಣು ಹೋಗಿದೆ. ಇಲ್ಲಿಗೆ ನಿಮ್ಮ ಕೈ ಒಮ್ಮೆಯೂ ಹೋಗಿಲ್ಲ,” ಎಂದರು. ಸೀಮೆಸುಣ್ಣ ತೆಗೆದುಕೊಂಡು ಆ ಏಳು ಸಾಲುಗಳಿಗೂ ಗೀಟು ಹಾಕಿದರು.

ಮೂರು ವರ್ಷ ಆ ಚೀಲವನ್ನು ಹೊತ್ತವನು ನಾನು. ಯಾವುದನ್ನು ಬಳಸುತ್ತೀರಿ ಎಂದು ಬಾಯಿಮಾತಿನಲ್ಲಿ ಕೇಳಿದ್ದರೆ ಎಲ್ಲವನ್ನೂ ಎಂದೇ ಹೇಳುತ್ತಿದ್ದೆ, ಹಾಗೆಂದು ನಂಬಿಯೂ ಇದ್ದೆ. ಈ ಅಂಗಡಿಯನ್ನು ಹೊಗಳಲು ನನಗೆ ಈ ಒಂದು ಕಾರಣ ಸಾಕು. ಎದೆಕವಚವನ್ನೂ ಅವರು ಹೀಗೆಯೇ ಓದಿದರು. ಏಳು ಪೌಚುಗಳಲ್ಲಿ ಮೂರರ ಮುಚ್ಚಳ ಮಾತ್ರ ಸವೆದಿತ್ತು: ವಾಕಿಟಾಕಿಯದು, ಪ್ರಥಮ ಚಿಕಿತ್ಸೆಯದು, ಎಡಗಡೆಯ ಸಣ್ಣದು. ಉಳಿದ ನಾಲ್ಕರ ವೆಲ್ಕ್ರೋ ಹೊಸದರಂತೆ ಕರಕರ ಎನ್ನುತ್ತಿತ್ತು.

ಹೊಲಿಗೆ ಬಿಚ್ಚುವುದನ್ನು ನಾನು ಕುಳಿತು ನೋಡಿದೆ. ಪಟ್ಟಿಯ ಗಟ್ಟಿ ಹೊಲಿಗೆಗಳನ್ನು ಮೇಲಿನಿಂದ ಕೊಯ್ದರೆ ಬ್ಲೇಡು ಬಟ್ಟೆಗೂ ತಾಗುತ್ತದೆ. ಅವರು ಚೀಲವನ್ನು ಒಳಮೈ ಹೊರಗೆ ಮಾಡಿ, ಕೆಳದಾರವನ್ನು ಮಾತ್ರ ಕತ್ತರಿಸಿ, ಮೇಲಿನಿಂದ ಪಟ್ಟಿಯನ್ನು ಸಾವಕಾಶವಾಗಿ ಎಬ್ಬಿಸುತ್ತಿದ್ದರು. ಪಟ್ಟಿ ಹೋದ ಜಾಗದಲ್ಲಿ ಸೂಜಿತೂತುಗಳ ಸಾಲು ಉಳಿಯುತ್ತದೆ. ಬಟ್ಟೆಯ ಒಳಬದಿಗೆ ಬಳಿದಿರುವ ಜಲನಿರೋಧಕ ಲೇಪ ಆ ತೂತುಗಳಲ್ಲಿ ಒಡೆದಿರುವುದರಿಂದ ಮಳೆನೀರು ಅಲ್ಲಿಂದಲೇ ಜಿನುಗುತ್ತದೆ. ಅದಕ್ಕೆ ಅವರು ಜೇನುಮೇಣದ ಬಿಲ್ಲೆಯನ್ನು ತಿಕ್ಕಿ, ಮೇಲೆ ಕಾಗದ ಹಾಸಿ, ಹದವಾಗಿ ಕಾದ ಇಸ್ತ್ರಿಪೆಟ್ಟಿಗೆಯನ್ನು ಒಂದು ಕ್ಷಣ ಒತ್ತಿ ತೆಗೆದರು. ತೂತುಗಳು ಕಣ್ಣಿಗೆ ಇನ್ನೂ ಕಾಣುತ್ತವೆ. ಜೂನಿನಲ್ಲಿ ಒಂದು ಜೋರು ಮಳೆಯಲ್ಲಿ ನೆನೆದಾಗ ಒಳಗಿನ ಬಟ್ಟೆ ಒಣಗಿಯೇ ಇತ್ತು.

ಚೀಲದ ಮೇಲಿನ ಚೀಟಿಯಲ್ಲಿ 1000 ಡೆನಿಯರ್ ನೈಲಾನ್ ಎಂದಿತ್ತು. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಡೆನಿಯರ್. ಅಂದರೆ ಇದು ದಪ್ಪ ನೂಲಿನ ಬಟ್ಟೆ, ಇದರ ಅರ್ಧ ದಪ್ಪದ್ದೇ ನನ್ನಂಥವನಿಗೆ ಸಾಕಾಗುತ್ತಿತ್ತು. ಹಿರಿಯರು ಒಳಗಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಿಡಿದರು. ಕಪ್ಪು ಮಸಿಹೊಗೆ ಎದ್ದಿತು. “ನೈಲಾನ್ ಅಲ್ಲ, ಪಾಲಿಯೆಸ್ಟರ್,” ಎಂದರು. ಮೂರು ವರ್ಷ ನಾನು ಆ ಚೀಟಿಯನ್ನು ನಂಬಿದ್ದೆ. ಮಾರಿದವರ ಹೆಸರು ಇಲ್ಲಿ ಬೇಡ. ನಮ್ಮ ಕೆಲಸಕ್ಕೆ ಮುಖ್ಯವಾದದ್ದು ಬೇರೆ: ನೈಲಾನಾಗಲಿ ಪಾಲಿಯೆಸ್ಟರಾಗಲಿ ಬೆಂಕಿಯ ಝಳಕ್ಕೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬೆನ್ನಿಗೂ ಹೆಗಲಿಗೂ ತಾಗುವ ಭಾಗಕ್ಕೆ ಹತ್ತಿಯ ಕ್ಯಾನ್ವಾಸ್ ಹಾಕಿಕೊಡಿ ಎಂದು ಕೇಳಿದೆ. ಅದರಿಂದ ತೂಕ ಒಂದಿಷ್ಟು ಹೆಚ್ಚುತ್ತದೆ ಎಂದು ಅವರು ಮೊದಲೇ ಎಚ್ಚರಿಸಿದರು. ಆ ಭಾರ ಇರಲಿ ಎಂದೆ.

ಚೀಲದಿಂದ ಒಟ್ಟು 770 ಗ್ರಾಂ ಇಳಿಯಿತು. ಕಿತ್ತ ಪಟ್ಟಿಗಳ ಪಾಲು ಅದರಲ್ಲಿ 190 ಗ್ರಾಂ ಮಾತ್ರ. ಲ್ಯಾಪ್‌ಟಾಪ್ ಇಡುವ ಸ್ಪಂಜಿನ ಅರೆ 260 ಗ್ರಾಂ, ದಪ್ಪ ಸೊಂಟಬೆಲ್ಟು 180, ಸಣ್ಣಪುಟ್ಟ ಜಿಪ್ಪುಗಳು, ಜೋತುಬಿದ್ದ ಪಟ್ಟಿಯ ತುದಿಗಳೆಲ್ಲ ಸೇರಿ 140. ಕ್ಯಾನ್ವಾಸಿನ ತೂಕವನ್ನು ಇದರಲ್ಲೇ ಕಳೆದು ಹೇಳುತ್ತಿದ್ದೇನೆ. ಎದೆಕವಚದಿಂದ 780 ಗ್ರಾಂ, ಸೊಂಟಪಟ್ಟಿಯ ಹೊರಪದರ ಮತ್ತು ಉಕ್ಕಿನ ಕೊಂಡಿ ತೆಗೆದಿದ್ದರಿಂದ 440 ಗ್ರಾಂ. ಬೆನ್ನುಚೀಲದ ಸೊಂಟಬೆಲ್ಟಿನ ಬಗ್ಗೆ ನಮ್ಮಿಬ್ಬರಿಗೂ ಸ್ವಲ್ಪ ವಾದವಾಯಿತು. ಅದು ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುತ್ತದೆ, ಇಟ್ಟುಕೊಳ್ಳಿ ಎಂದು ಅವರು. ಹತ್ತು ಕೆ.ಜಿ.ಗಿಂತ ಕಡಿಮೆ ಹೊರುವಾಗ ಅದರ ಅಗತ್ಯವಿಲ್ಲ, ಓಡುವಾಗ ಅದು ನೀರಿನ ಬಾಟಲಿಗೆ ಅಡ್ಡ ಬರುತ್ತದೆ ಎಂದು ನಾನು. ನನ್ನ ಮಾತನ್ನೇ ನಡೆಸಿದರು. ಎದೆಗೆ ಅಡ್ಡಲಾಗಿ ಕಟ್ಟುವ ತೆಳುಪಟ್ಟಿಯನ್ನು ಮಾತ್ರ ಇಬ್ಬರೂ ಒಪ್ಪಿ ಉಳಿಸಿಕೊಂಡೆವು, ಅದಿಲ್ಲದೆ ಓಡಿದರೆ ಹೆಗಲ ಪಟ್ಟಿಗಳು ಜಾರುತ್ತವೆ.

ಹೆಗಲ ಪಟ್ಟಿಯ ಬುಡದ ಹೊಲಿಗೆಯನ್ನು ಮಾತ್ರ ಇನ್ನೂ ಒತ್ತಾಗಿ ಹಾಕಿ ಎಂದಿದ್ದೆ, ಒಪ್ಪಲಿಲ್ಲ. ಹೊಲಿಗೆ ತೀರಾ ಒತ್ತಾದರೆ ಸೂಜಿತೂತುಗಳು ಒಂದಕ್ಕೊಂದು ಸೇರಿ, ಅಂಚೆಚೀಟಿಯ ಹಾಳೆ ಹರಿಯುವ ಹಾಗೆ ಬಟ್ಟೆ ಹರಿಯುತ್ತದೆ ಎಂದು ತೋರಿಸಿದರು. ಚೌಕ, ಅದರೊಳಗೆ ಗುಣಾಕಾರದ ಗುರುತು, ಅಷ್ಟೇ ಹೊಲಿಗೆ. ಪಟ್ಟಿಯ ತುದಿಗಳನ್ನು ಕತ್ತರಿಯಿಂದ ಕತ್ತರಿಸದೆ, ಕಾದ ಬೆಸುಗೆ ಕಡ್ಡಿಯಿಂದ ಕೊಯ್ದರು. ಅಂಚು ಕರಗಿ ಗಟ್ಟಿಯಾಗುವುದರಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ.

ಹುಬ್ಬಳ್ಳಿಯಲ್ಲಿ ಇಂಥ ಕೈಗಳು ಇರುವುದು ನನಗೆ ಆಶ್ಚರ್ಯವೆನಿಸಲಿಲ್ಲ. ಹದಿನೇಳು ವರ್ಷ ನಾನು ಸೆಲ್ಯೂಟ್ ಮಾಡಿದ ರಾಷ್ಟ್ರಧ್ವಜವನ್ನು ಹೊಲಿಯುವುದು ಇದೇ ಊರಿನ ಬೆಂಗೇರಿಯ ಖಾದಿ ಕೇಂದ್ರದಲ್ಲಿ. ನೂಲು, ಬಣ್ಣ, ಹೊಲಿಗೆ ಎಲ್ಲಕ್ಕೂ ಅಲ್ಲಿ ಭಾರತೀಯ ಮಾನಕ ಬ್ಯೂರೊ ಕಟ್ಟಿಕೊಟ್ಟ ಅಳತೆಯಿದೆ. ಒಂದು ಹೊಲಿಗೆ ತಪ್ಪಿದರೆ ಧ್ವಜ ತಿರಸ್ಕೃತವಾಗುವ ಊರಿದು. ತಾಡಪತ್ರಿಯವರಿಗೂ ಬೆಂಗೇರಿಗೂ ಯಾವ ಸಂಬಂಧವೂ ಇಲ್ಲ, ಆದರೂ ಅವರ ಹೊಲಿಗೆ ನೋಡುವಾಗ ನನಗೆ ಅದು ನೆನಪಾಯಿತು.

ಕೊರತೆಗಳನ್ನೂ ಹೇಳಬೇಕು. ಐದು ದಿನಕ್ಕೆ ಕೊಡುತ್ತೇನೆ ಎಂದವರು ಹನ್ನೊಂದು ದಿನ ಮಾಡಿದರು. ಗದಗಿನಿಂದ ಬಸ್ಸಿನಲ್ಲಿ ಹೋಗಿ ಬರುವವನಿಗೆ ಒಂದು ದಿನ ಪೂರ್ತಿ ವ್ಯರ್ಥವಾಯಿತು, ಫೋನ್ ಮಾಡಿ ತಿಳಿಸಿದ್ದರೆ ಅದು ತಪ್ಪುತ್ತಿತ್ತು. ಹಾಕಿದ ಕ್ಯಾನ್ವಾಸನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿರಲಿಲ್ಲ. ನಾನು ಮೊದಲ ಸಲ ತೊಳೆದಾಗ ಅದು ಕುಗ್ಗಿ, ಬೆನ್ನಿನ ಭಾಗವೆಲ್ಲ ಸುಕ್ಕುಗಟ್ಟಿತು. ನಲವತ್ತು ಬೇಸಿಗೆಗಳಿಂದ ಬಟ್ಟೆ ಹೊಲಿಯುತ್ತಿರುವವರು ಮಾಡಬಾರದ ತಪ್ಪು ಅದು ಎಂದು ಅವರ ಎದುರಿಗೇ ಹೇಳಿದೆ. ವಾದಿಸಲಿಲ್ಲ. ಹಣ ಪಡೆಯದೆ ಬಿಚ್ಚಿ ಮತ್ತೆ ಹಾಕಿಕೊಟ್ಟರು, ಈ ಸಲ ನಾಲ್ಕು ದಿನಕ್ಕೆ. ನೀವು ಕ್ಯಾನ್ವಾಸ್ ಹಾಕಿಸುವುದಾದರೆ ನೆನೆಸಿದ್ದೀರಾ ಎಂದು ಮೊದಲೇ ಕೇಳಿ. ರಸೀದಿ ಕೊಡುವ ರೂಢಿ ಅವರಲ್ಲಿಲ್ಲ. ಕಪ್ಪು ದಾರ ಮುಗಿದಿದ್ದರಿಂದ ಎದೆಕವಚಕ್ಕೆ ಬೂದು ದಾರ ಹಾಕಿದ್ದಾರೆ, ಅದು ನನಗೆ ಲೆಕ್ಕಕ್ಕಿಲ್ಲ, ಕೆಲವರಿಗೆ ಇರಬಹುದು.

ಬೆಲೆ ಹೀಗಿತ್ತು: ಚೀಲಕ್ಕೆ 600, ಎದೆಕವಚಕ್ಕೆ 350, ಸೊಂಟಪಟ್ಟಿಗೆ 100, ಕ್ಯಾನ್ವಾಸಿಗೆ 100. ಹೊಸ ಹಗುರ ಚೀಲವೊಂದಕ್ಕೆ ಇದರ ನಾಲ್ಕೈದು ಪಟ್ಟು ಆಗುತ್ತಿತ್ತು.

ಎರಡು ಕಿಲೋ ಅವರು ಇಳಿಸಿದರು. ಉಳಿದದ್ದನ್ನು ಮನೆಗೆ ಬಂದು ನಾನೇ ಇಳಿಸಿದೆ, ಅವರ ಹೆಬ್ಬೆರಳಿನ ಪರೀಕ್ಷೆಯನ್ನೇ ಇಟ್ಟುಕೊಂಡು. 15 ಮೀಟರ್ ಹಗ್ಗ ಮೂರು ವರ್ಷಗಳಲ್ಲಿ ಒಮ್ಮೆಯೂ ಬಿಚ್ಚಿರಲಿಲ್ಲ, ಅಂಗಡಿಯವರು ಸುತ್ತಿಕೊಟ್ಟ ದಾರವೇ ಇನ್ನೂ ಅದರ ಮೇಲಿತ್ತು. ದೊಡ್ಡ ಚಾಕುವಿನ ಅಲಗು ಹೊಸದರಂತಿತ್ತು, ಕೆಲಸವನ್ನೆಲ್ಲ ಕತ್ತಿ ಮಾಡುತ್ತಿತ್ತು. ಎರಡು ಟಾರ್ಚುಗಳ ಬದಲು ತಲೆಗೆ ಕಟ್ಟುವ ಒಂದು ಸಣ್ಣ ಟಾರ್ಚು. ಪ್ರಥಮ ಚಿಕಿತ್ಸೆಯ ಡಬ್ಬಿಯನ್ನು ಬಿಟ್ಟು, ಒಳಗಿನದನ್ನು ಬಟ್ಟೆಯ ಚೀಲಕ್ಕೆ ಹಾಕಿದೆ. ದುರ್ಬೀನು ಎಂಟು ಜನರಲ್ಲಿ ಒಬ್ಬರ ಬಳಿ ಇದ್ದರೆ ಸಾಕು, ಅದನ್ನು ಕಾವಲು ಗೋಪುರದಲ್ಲಿ ಕೂರುವವರಿಗೆ ಕೊಟ್ಟೆ. ಸೇನೆಯಲ್ಲಿ ನಾವು ‘ಹೌಸ್‌ವೈಫ್’ ಎನ್ನುತ್ತಿದ್ದ ಸೂಜಿದಾರದ ಪೊಟ್ಟಣವನ್ನು ಮಾತ್ರ ತೆಗೆಯಲಿಲ್ಲ. ತಕ್ಕಡಿಯ ಮುಳ್ಳನ್ನೂ ಅಲುಗಿಸದಷ್ಟು ಹಗುರ ಅದು, ಎಷ್ಟೋ ಸಲ ಕೈಹಿಡಿದಿದೆ.

ನೀರನ್ನೂ ಮುಟ್ಟಲಿಲ್ಲ. ನಾಲ್ಕು ಲೀಟರ್ ನಾಲ್ಕೇ ಲೀಟರ್. ಉಕ್ಕಿನ ಬಾಟಲಿಗಳನ್ನು ಬಿಟ್ಟು ಹಗುರ ಪ್ಲಾಸ್ಟಿಕ್ ಬಾಟಲಿ ತಂದೆ, ಅಷ್ಟೇ ಬದಲಾವಣೆ. ಭಾರ ಇಳಿಸುವ ಉತ್ಸಾಹದಲ್ಲಿ ನೀರಿಗೆ ಕೈಹಾಕುವ ಹುಡುಗರನ್ನು ನೋಡಿದ್ದೇನೆ, ಮಾರ್ಚಿನ ಬಿಸಿಲಿನಲ್ಲಿ ಅವರನ್ನು ಹೊತ್ತು ಇಳಿಸಿಯೂ ಇದ್ದೇನೆ. ಬೂಟನ್ನೂ ಬದಲಿಸಲಿಲ್ಲ. ಪಾದದ ಮೇಲಿನ ಒಂದು ಕಿಲೋ ಬೆನ್ನಿನ ಮೇಲಿನ ಐದು ಕಿಲೋಗೆ ಸಮ ಎಂದು ಸೇನೆಗಳ ಪರೀಕ್ಷೆಗಳು ತೋರಿಸಿವೆ, ಹಾಗಾಗಿ ಹಗುರ ಷೂ ಹಾಕುವ ಆಸೆ ಆಗಿದ್ದು ನಿಜ. ಆದರೆ ಸುಟ್ಟ ನೆಲದ ಮೇಲೆ ನಡೆಯುವವನಿಗೆ ಚರ್ಮದ ಬೂಟೇ ಬೇಕು, ಹಗುರ ಷೂಗಳ ಅಡಿ ಮೆತ್ತಗಾಗುತ್ತದೆ.

ಈಗ ಒಟ್ಟು 8.59 ಕೆ.ಜಿ. ಅದರಲ್ಲಿ ಅರ್ಧದಷ್ಟು ನೀರೇ, ಕುಡಿದಂತೆ ಅದೂ ಇಳಿಯುತ್ತ ಹೋಗುತ್ತದೆ. ಎದೆಯ ಮೇಲೆ ಪೌಚುಗಳು ಕಡಿಮೆಯಾದ್ದರಿಂದ ಗಾಳಿ ಆಡುತ್ತದೆ, ಅಂಗಿ ಬೇಗ ಒಣಗುತ್ತದೆ, ತಲೆ ಬಗ್ಗಿಸಿದರೆ ಪಾದ ಕಾಣುತ್ತದೆ. ಈ ವರ್ಷ ಮಾರ್ಚಿನಲ್ಲಿ ಅದೇ ಇಳಿಜಾರಿನ ಪಕ್ಕದ ದಿಣ್ಣೆಯಲ್ಲಿ ಹೊಗೆ ಕಂಡಾಗ ಮೂರನೆಯವನಾಗಿ ತಲುಪಿದೆ. ನನಗಿಂತ ಮುಂದೆ ಇದ್ದ ಇಬ್ಬರೂ ಇಪ್ಪತ್ತೈದರ ಒಳಗಿನವರು. ಬೆಂಕಿ ಕೊರಕಲಿಗೆ ಬರುವ ಮೊದಲೇ ನಾವು ಅದರ ಬಾಯಿಯಲ್ಲಿ ನಿಂತಿದ್ದೆವು.

ಪೊಲೀಸ್ ನೇಮಕಾತಿಗೆ ಓಡುವ ಹುಡುಗರು, ಎನ್‌ಸಿಸಿ ಕೆಡೆಟ್‌ಗಳು, ಚಾರಣಕ್ಕೆ ಹೋಗುವವರು, ಕಾಡಿನಲ್ಲಿ ಫೋಟೊ ತೆಗೆಯುವವರು ಯಾರು ಬೇಕಾದರೂ ಇವರಲ್ಲಿಗೆ ಹೋಗಬಹುದು. ಚೀಲವನ್ನು ತೊಳೆಯದೆ ಒಯ್ಯಿರಿ, ಅವರು ಮಣ್ಣನ್ನೇ ಓದುತ್ತಾರೆ. ಗ್ಯಾರಂಟಿ ಇನ್ನೂ ಇರುವ ಚೀಲವಾದರೆ ಯೋಚಿಸಿ, ಒಮ್ಮೆ ಹೊಲಿಗೆ ಬಿಚ್ಚಿದ ಮೇಲೆ ತಯಾರಕರು ಅದನ್ನು ತೆಗೆದುಕೊಳ್ಳುವುದಿಲ್ಲ. ಬಂಡೆ ಹತ್ತುವ ಹಾರ್ನೆಸ್, ಗುಂಡುನಿರೋಧಕ ಕವಚ ಒಯ್ಯಬೇಡಿ. ನಾನಿದ್ದಾಗಲೇ ಒಬ್ಬ ಯುವಕ ಹಾರ್ನೆಸ್ ತಂದಿದ್ದ. “ಜೀವ ನೇತಾಡುವ ಹೊಲಿಗೆಯನ್ನು ನಾನು ಮುಟ್ಟುವುದಿಲ್ಲ,” ಎಂದು ಕೈಗೂ ತೆಗೆದುಕೊಳ್ಳದೆ ಕಳುಹಿಸಿದರು. ಅಮಾವಾಸ್ಯೆಯ ದಿನ ಅಂಗಡಿ ತೆರೆಯುವುದಿಲ್ಲ. ಬೆಳಗ್ಗೆ ಹನ್ನೊಂದರ ಒಳಗೆ ಹೋದರೆ ಮಾತಾಡಲು ಬಿಡುವಿರುತ್ತದೆ, ಆಮೇಲೆ ಲಾರಿಯವರು ಬರುತ್ತಾರೆ.

ತೆಗೆದದ್ದನ್ನೆಲ್ಲ, ಒಂದು ಕೊಂಡಿಯನ್ನೂ ಬಿಡದೆ, ಹಳೆಯ ಸಿಮೆಂಟ್ ಚೀಲದಲ್ಲಿ ಕಟ್ಟಿ ಮರಳಿಸಿದರು. ಪಟ್ಟಿಗಳನ್ನು ನಮ್ಮಣ್ಣ ಒಯ್ದು ಕುರಿಮರಿಗಳ ಕೊರಳಿಗೆ ಕಟ್ಟಿದ್ದಾನೆ. ನಮ್ಮ ತಂಡದ ಇಬ್ಬರು ಹುಡುಗರ ಚೀಲಗಳು ಈಗ ನನ್ನ ಮನೆಯ ಕಟ್ಟೆಯ ಮೇಲಿವೆ, ಗುಡ್ಡದ ಮಣ್ಣು ಹಾಗೆಯೇ ಇದೆ. ಬರುವ ಗುರುವಾರ ಬೆಳಗಿನ ಬಸ್ಸಿಗೆ ಅವನ್ನು ಒಯ್ಯುತ್ತೇನೆ.